ಐನೂರ್ವರು ಎಲ್ಲಿ ಕೂಡುತ್ತಿದ್ದರು?

ಕಳೆದ ಮಳೆಗಾಲದಲ್ಲಿ ಕಾರವಾರದ ಗೆಳೆಯರೊಬ್ಬರು ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದರು. ಬಳ್ಳಾರಿ, ಬೆಂಗಳೂರಿನಂಥ ದಂಡಿನ ಊರುಗಳಲ್ಲಿ ಫ್ರೀಮೇಸನ್ನರ ಲಾಡ್ಜ್ ಇತ್ತಲ್ಲ, ಹಾಗೆ ನಮ್ಮ ಕಾರವಾರ, ಅಂಕೋಲೆ ಕಡೆ ಇಂಥ ಬಳಗದವರು ಸೇರುವ ಹಳೇ ಕಲ್ಲಿನ ಕಟ್ಟಡ ಯಾವುದಾದರೂ ಇದೆಯೇ ಅಂತ. ಲಾಡ್ಜ್ ಅಂದರೆ ನಮ್ಮ ಕಡೆ ಊಟ, ವಸತಿಯ ಬೋರ್ಡು ಹಾಕಿದ ಮನೆ. ಹಾಗಾಗಿ ಅವರು ಏನು ಕೇಳ್ತಾ ಇದ್ದಾರೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಫ್ರೀಮೇಸನ್ನರದು ಕಲ್ಲುಕುಟಿಗರ ಹೆಸರು ಹೊತ್ತ ಬಳಗ. 1717ರಲ್ಲಿ ಲಂಡನ್ನಿನಲ್ಲಿ ಅವರ ದೊಡ್ಡ ಲಾಡ್ಜ್ ಆಯಿತು. ಅದಾಗಿ ಹದಿನೈದು ವರ್ಷ ಕಳೆಯುವುದರೊಳಗೆ ಕಲ್ಕತ್ತೆಗೂ ಬಂತು. ಕಂಪನಿಯವರು, ಸೈನ್ಯಾಧಿಕಾರಿಗಳು ಹೋದಲ್ಲೆಲ್ಲ ಅದು ಹೋಯಿತು. ಬಾಗಿಲು ಹಾಕಿಕೊಂಡು ಒಳಗೆ ಏನೋ ಮಾಡುತ್ತಾರೆ ಎಂದು ಊರಿನವರು ಆ ಕಟ್ಟಡಕ್ಕೆ ಜಾದೂಘರ್ ಅಂತಲೋ ಭೂತ್ ಬಂಗ್ಲೆ ಅಂತಲೋ ಕರೆದರು. ಪ್ರತಿಜ್ಞೆ, ಗುರುತು, ಮೆಟ್ಟಿಲು ಮೆಟ್ಟಿಲಾದ ಪದವಿ, ಯಾವ ಮತದವನೂ ಒಪ್ಪಬಹುದಾದ ಒಂದು ದೇವರ ಹೆಸರು, ಜೊತೆಗೆ ಸ್ವಂತದ ಒಂದು ಕಟ್ಟಡ: ಇಷ್ಟು ಅದರ ಲಕ್ಷಣ.

ಗೆಳೆಯರಿಗೆ ನಾನು ಹೇಳಿದ್ದು ಇದು: ಅಂಥ ಬಳಗ ನಮ್ಮಲ್ಲಿ ಲಂಡನ್ನಿನವರಿಗಿಂತ ಒಂಬೈನೂರು ವರ್ಷ ಮೊದಲೇ ಇತ್ತು. ಪ್ರತಿಜ್ಞೆ ಇತ್ತು, ಬಾವುಟ ಇತ್ತು, ಬಿರುದು ಇತ್ತು, ದ್ರೋಹಿಗೆ ಶಿಕ್ಷೆ ಇತ್ತು. ಆದರೆ ಕಟ್ಟಡ ಹುಡುಕಬೇಡಿ, ಅಥವಾ ಹುಡುಕುವುದಾದರೆ ಬೇರೆ ಕಡೆ ಹುಡುಕಿ. ಮಾತು ಅಲ್ಲಿಗೆ ನಿಂತಿತು, ನೆಟ್‌ವರ್ಕ್ ಹೋಯಿತು. ಉಳಿದದ್ದನ್ನು ಇಲ್ಲಿ ಬರೀತಾ ಇದ್ದೇನೆ.

ಮೊದಲು ಒಂದು ಶಬ್ದ. ‘ಸಮಯ’ ಅಂದರೆ ಇವತ್ತು ನಮಗೆ ಹೊತ್ತು, ವೇಳೆ. ಶಾಸನದಲ್ಲಿ ಅದಕ್ಕೆ ಕಟ್ಟುಪಾಡು, ಒಡಂಬಡಿಕೆ ಎಂಬ ಅರ್ಥವಿದೆ. ಆ ಕಟ್ಟುಪಾಡಿಗೆ ಒಳಪಟ್ಟ ಜನರ ಕೂಟಕ್ಕೂ ಅದೇ ಹೆಸರು. ಕಟ್ಟು ಮುರಿದವನು ಸಮಯದ್ರೋಹಿ. ಫ್ರೀಮೇಸನ್ನರು ಲಾಡ್ಜ್ ಎಂಬ ಒಂದೇ ಶಬ್ದದಲ್ಲಿ ಕಟ್ಟಡವನ್ನೂ ಕೂಟವನ್ನೂ ಹೇಳುತ್ತಾರೆ. ನಮ್ಮವರು ‘ಸಮಯ’ ಎಂಬ ಒಂದೇ ಶಬ್ದದಲ್ಲಿ ಮಾತನ್ನೂ ಕೂಟವನ್ನೂ ಹೇಳಿದರು. ಇಡೀ ವ್ಯತ್ಯಾಸ ಇಲ್ಲೇ ಇದೆ ಅನ್ನಿಸುತ್ತದೆ ನನಗೆ. ಅವರ ಬಳಗಕ್ಕೆ ಗೋಡೆ ಇತ್ತು, ಇವರ ಬಳಗಕ್ಕೆ ಮಾತಿತ್ತು.

ಈ ಕೂಟಗಳಲ್ಲಿ ಹೆಸರಾದದ್ದು ಅಯ್ಯಾವೊಳೆಯ ಐನೂರ್ವರು. ಅಯ್ಯಾವೊಳೆ ಅಂದರೆ ಇವತ್ತಿನ ಐಹೊಳೆ. ಅಲ್ಲಿಗೆ ಹೋದವರೆಲ್ಲ ದುರ್ಗದ ಗುಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಪಕ್ಕದಲ್ಲೇ ಇರುವ ಲಾಡಖಾನ್ ಗುಡಿಯ ಒಳಗೆ ಹತ್ತು ನಿಮಿಷ ಕುಳಿತವರು ಕಡಿಮೆ. ಲಾಡಖಾನ್ ಎಂಬುವನು ಒಂದು ಕಾಲಕ್ಕೆ ಅದರಲ್ಲಿ ವಾಸ ಮಾಡಿದ್ದನಂತೆ, ಹೆಸರು ಅಂಟಿಕೊಂಡಿತು. ಗುಡಿ ಅನ್ನುವುದಕ್ಕಿಂತ ಅದೊಂದು ಚೌಕದ ಚಾವಡಿ. ಒಳಗೆ ನಾಲ್ಕು ಕಂಬ, ಅದರ ಸುತ್ತ ಹನ್ನೆರಡು, ನಡುವೆ ನಂದಿ. ಗರ್ಭಗುಡಿ ಹಿಂದಿನ ಗೋಡೆಗೆ ಒತ್ತಿಕೊಂಡ ಒಂದು ಸಣ್ಣ ಕೋಣೆ, ಆಮೇಲೆ ನೆನಪಾಗಿ ಇಟ್ಟ ಹಾಗೆ. ಮಾಡಿನ ಮೇಲೆ ಇನ್ನೊಂದು ಪುಟ್ಟ ಗುಡಿ, ಹತ್ತಲು ಕಲ್ಲಿನ ಏಣಿ. ಇಳಿಜಾರಾಗಿ ಹೊದಿಸಿದ ಚಪ್ಪಡಿಗಳ ಸಂದಿಗೆ ಮರದ ದಿಮ್ಮಿಯಂತೆ ಕೆತ್ತಿದ ಉದ್ದುದ್ದ ಕಲ್ಲಿನ ಪಟ್ಟಿ. ನಮ್ಮ ಕರಾವಳಿ, ಮಲೆನಾಡಿನವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಇದು ಮಳೆ ಊರಿನ ಮರದ ಮಾಡು, ಬಯಲುಸೀಮೆಯ ಕಲ್ಲಿನಲ್ಲಿ.

ಊರಿನ ಸಭೆ ಕೂಡುತ್ತಿದ್ದ ಮರದ ಚಾವಡಿಯ ಮಾದರಿ ಇದು ಎಂದು ಪರ್ಸಿ ಬ್ರೌನ್ ಬರೆದರು. ಅದಕ್ಕೂ ಮೊದಲು ಹೆನ್ರಿ ಕಸಿನ್ಸ್ ಇದನ್ನು ಕ್ರಿ.ಶ. 450ರ ಸುಮಾರಿಗೆ ಒಯ್ದಿದ್ದರು. ಈಗ ವಿದ್ವಾಂಸರು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. 7ನೇ ಶತಮಾನದ ಕೊನೆ, 8ನೇ ಶತಮಾನದ ಮೊದಲು ಅಂತಾರೆ. ಸಭೆಯ ಚಾವಡಿ ಎಂಬ ಊಹೆಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಯಾಕೆಂದರೆ ಐಹೊಳೆಯ ‘ಐನೂರು ಮಂದಿ’ಯ ಮೊದಮೊದಲ ಉಲ್ಲೇಖ ಇದೇ ಕಟ್ಟಡದ ಮೇಲಿನ ಬರಹದಲ್ಲಿದೆ. 8ನೇ ಶತಮಾನದ ಕೊನೆಯ ಹೊತ್ತಿನ ಲಿಪಿ. ಅಲ್ಲಿ ಐನೂರ್ವರು ಅಂದರೆ ವ್ಯಾಪಾರಿಗಳಲ್ಲ, ನಾಲ್ಕು ವೇದ ಬಲ್ಲವರ ಸಮುದಾಯ, ಊರಿನ ಮಹಾಜನ. ಬರಬರುತ್ತ ಅದೇ ಸಂಖ್ಯೆ, ಅದೇ ಊರಿನ ಹೆಸರು ದೇಶ ಸುತ್ತುವ ವ್ಯಾಪಾರಿಗಳದಾಯಿತು. ಅಯ್ಯಾವೊಳೆಯನ್ನು ಕಣ್ಣಿನಲ್ಲಿ ನೋಡದ ಸೆಟ್ಟಿಯೂ ತಾನು ಅಯ್ಯಾವೊಳೆಯ ದೇವಿಯ ಮಗ ಎಂದುಕೊಂಡ.

ಅವರ ಪ್ರಶಸ್ತಿ ಓದುವುದೇ ಒಂದು ಮಜ. ರಾಜರ ಪ್ರಶಸ್ತಿಗೆ ಸಡ್ಡು ಹೊಡೆಯುವಂತೆ ಬರೆಸಿಕೊಂಡಿದ್ದಾರೆ. ಪಂಚಶತ ವೀರಶಾಸನ ಪಡೆದವರು, ವೀರಬಣಂಜು ಧರ್ಮ ಕಾಯುವವರು, ಬಿಳಿಯ ಕೊಡೆಯವರು. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕಡೆಯ, 11ನೇ ಶತಮಾನದ ನಡುವಿನ ಒಂದು ಶಾಸನದಲ್ಲಿ ಅವರು ತಿರುಗಿದ ದೇಶಗಳ ಪಟ್ಟಿ ಚೇರ, ಚೋಳ, ಪಾಂಡ್ಯದಿಂದ ಹಿಡಿದು ನೇಪಾಳ, ಪಾರಸದವರೆಗೆ ಹೋಗುತ್ತದೆ. ಮಾರಿದ ಸರಕಿನ ಪಟ್ಟಿಯಲ್ಲಿ ಆನೆ, ಕುದುರೆ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ ಎಲ್ಲ ಇವೆ. ತಮ್ಮನ್ನು ಕೆಣಕಿದವರಿಗೆ ಏನಾಗುತ್ತದೆ ಎಂಬುದನ್ನೂ ಹೇಳಿಕೊಂಡಿದ್ದಾರೆ. ಆನೆ, ಹಾವು, ಸಿಂಹಗಳ ಹೋಲಿಕೆ, ಓದಿದರೆ ಸುಂಕದ ಕಟ್ಟೆಯವನು ದಾರಿ ಬಿಡಬೇಕು. ಇದೆಲ್ಲ ಬರೀ ಬಡಾಯಿ ಅಲ್ಲ. ಇವರ ಹೇರಿನ ಜೊತೆ ಆಯುಧ ಹಿಡಿದವರು ಇರುತ್ತಿದ್ದರು. ಈ ಸಂಘಗಳನ್ನು ನಮ್ಮ ಪ್ರಜಾಪ್ರಭುತ್ವದ ಮೂಲ ಅಂತ ಭಾಷಣದಲ್ಲಿ ಹೇಳುವವರು ಆ ಕತ್ತಿಗಳನ್ನು ಮರೆಯುತ್ತಾರೆ.

ಸರಿ, ಇಷ್ಟೆಲ್ಲ ಇದ್ದವರು ಕೂಡುತ್ತಿದ್ದದ್ದೆಲ್ಲಿ? ಒಂದು ಸಭೆ ಚೆನ್ನಾಗಿ ದಾಖಲಾಗಿದೆ, ನಮಗೆ ಹತ್ತಿರದಲ್ಲೇ, ಘಟ್ಟ ಹತ್ತಿದರೆ ಬೆಳಗಾವಿಯಲ್ಲಿ.

ಬೆಳಗಾವಿ ಕೋಟೆಯೊಳಗೆ ಕಮಲ ಬಸದಿ ಇದೆ. ಕಪ್ಪು ಕಲ್ಲಿನ ಕಟ್ಟಡ, ಒಳಗೆ ನೇಮಿನಾಥ. ಮಂಟಪದ ನಡುವೆ ನಿಂತು ತಲೆ ಎತ್ತಿದರೆ ಛಾವಣಿಯಿಂದ ಕಲ್ಲಿನ ಕಮಲ ಇಳಿಬಿದ್ದಿದೆ. ಅದರ ದಳಗಳಲ್ಲಿ ಹಿಂದಿನ, ಇಂದಿನ, ಮುಂದಿನ ಮೂರು ಇಪ್ಪತ್ತನಾಲ್ಕರಂತೆ 72 ತೀರ್ಥಂಕರರು. ಹೆಸರು ಬಂದದ್ದು ಅದರಿಂದ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಇದನ್ನು 1204ರಲ್ಲಿ ಕಟ್ಟಿಸಿದ ಎಂದು ಹೇಳುತ್ತಾರೆ. ಆಗ ಅರಸನ ಜೊತೆ ತಮ್ಮ ಮಲ್ಲಿಕಾರ್ಜುನ ಯುವರಾಜ, ಊರಿನ ಹೆಸರು ವೇಣುಗ್ರಾಮ. ಶಾಸನದಲ್ಲಿ ಬಸದಿಯ ಹೆಸರು ರಟ್ಟ ಜಿನಾಲಯ, ದಾನ ಪಡೆದವರು ಶುಭಚಂದ್ರ ಭಟ್ಟಾರಕರು. ಶಕ 1127, ಪುಷ್ಯ ಮಾಸ. ನಮ್ಮ ಲೆಕ್ಕಕ್ಕೆ 1204ರ ಡಿಸೆಂಬರ್ ಕೊನೆ. ಬೆಳಗಾವಿಯ ಚಳಿ ಗೊತ್ತಿದ್ದವರಿಗೆ ಆ ಸಭೆಯನ್ನು ಕಲ್ಪಿಸಿಕೊಳ್ಳಲು ಕಷ್ಟವಿಲ್ಲ.

ಅರಸ ಭೂಮಿ ಕೊಟ್ಟ. ಅದು ಎಲ್ಲ ಶಾಸನದಲ್ಲೂ ಇರುವಂಥದ್ದೇ. ನನಗೆ ಮುಖ್ಯ ಅದರ ಮುಂದಿನ ಭಾಗ. ವೇಣುಗ್ರಾಮದ ಮುಮ್ಮುರಿದಂಡಗಳು, ಕೂಂಡಿ 3000 ನಾಡಿನ ವ್ಯಾಪಾರಿಗಳು, ಲಾಳ ದೇಶದಿಂದ ಅಂದರೆ ಗುಜರಾತಿನ ಕಡೆಯಿಂದ ಬಂದವರು, ಮಲೆಯಾಳದವರು, ಎಲ್ಲ ಸೇರಿ ಬಸದಿಗೆ ತಮ್ಮ ತಮ್ಮ ಸರಕಿನ ಮೇಲೆ ಆಯ ಬಿಟ್ಟುಕೊಟ್ಟರು. ಇಂಥ ಆಯದ ಕ್ರಮ ಸರಳ. ಪೇಟೆಗೆ ಬರುವ ಹೇರಿಗೆ, ಎತ್ತಿಗೆ, ಅಂಗಡಿಗೆ ಇಷ್ಟಿಷ್ಟು ಅಂತ ಮೊದಲೇ ನಿಗದಿ. ದುಡ್ಡಿನಲ್ಲಾದರೆ ಹಾಗ, ವೀಸದ ಲೆಕ್ಕ, ಹಾಗ ಅಂದರೆ ಪಣದ ಕಾಲು ಭಾಗ. ಸರಕಿನಲ್ಲಾದರೆ ಸೊಲಿಗೆ ಎಣ್ಣೆ, ಇಷ್ಟು ಎಲೆ, ಇಷ್ಟು ಅಡಕೆ. ಒಬ್ಬರ ತಲೆಯ ಮೇಲೆ ಬೀಳುವುದು ಚೂರು, ವರ್ಷದ ಕೊನೆಗೆ ದೇವರ ದೀಪ, ಮುನಿಗಳ ಊಟ ನಡೆಯುತ್ತದೆ. ಕೊನೆಗೆ ಆ ಚೂರು ಕೊಳ್ಳುವವನ ಜೇಬಿನಿಂದಲೇ ಹೋಗುತ್ತಿತ್ತು, ಅದನ್ನು ಕಲ್ಲು ಹೇಳುವುದಿಲ್ಲ.

ಇದರಲ್ಲಿ ಇನ್ನೊಂದು ಕೆಲಸವೂ ಆಯಿತು. ಗುಜರಾತಿನವನೂ ಮಲೆಯಾಳದವನೂ ಒಂದೇ ಕಲ್ಲಿನ ಮೇಲೆ ಒಂದೇ ಕರಾರಿಗೆ ಒಳಪಟ್ಟರು. ಆಯ ಕೊಡುವವನು ಎಂದರೆ ಈ ಪೇಟೆಯಲ್ಲಿ ಮಾರಲು ಹಕ್ಕುಳ್ಳವನು. ಅಪರಿಚಿತ ಊರಿನಲ್ಲಿ ಸಾಲ ಕೊಡುವವನಿಗೆ, ಸರಕು ಇಡಲು ಜಾಗ ಕೊಡುವವನಿಗೆ ಬೇಕಾದ ನಂಬಿಕೆ ಅಲ್ಲಿ ಸಿಗುತ್ತಿತ್ತು. ಲಾಡ್ಜಿನ ಒಳಗಿನ ಗುಟ್ಟಿನ ಕೈಕುಲುಕು ಮಾಡುತ್ತಿದ್ದ ಕೆಲಸ ಇದೇ ಅಲ್ಲವೇ? ಒಂದೇ ವ್ಯತ್ಯಾಸ, ಇವರ ಗುಟ್ಟು ಬೀದಿಯಲ್ಲಿ ನಿಂತಿತ್ತು, ಅಕ್ಷರ ಬಲ್ಲ ಯಾರು ಬೇಕಾದರೂ ಓದಬಹುದಿತ್ತು. ಮುರಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ.

ಆ ಕಲ್ಲುಗಳು ಈಗ ಬೆಳಗಾವಿಯಲ್ಲಿಲ್ಲ. ಎರಡೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬಾರ್ನೆಟ್ ಅವುಗಳನ್ನು ಅಲ್ಲೇ ಓದಿ ಎಪಿಗ್ರಾಫಿಯಾ ಇಂಡಿಕಾದ 13ನೇ ಸಂಪುಟದಲ್ಲಿ ಪ್ರಕಟಿಸಿದರು. ಸಭೆಯ ಕೋಣೆ ಇಲ್ಲಿ, ಸಭೆಯ ನಡಾವಳಿ ಪುಸ್ತಕ ಅಲ್ಲಿ. ಬಸದಿಯಲ್ಲಿ ಕಮಲ ನೋಡಿ ಹೊರಬರುವ ಪ್ರವಾಸಿಗೆ, ಒಂದು ದಿನ ಇಲ್ಲಿ ಗುಜರಾತಿ, ಮಲೆಯಾಳಿ, ಕನ್ನಡದ ಸೆಟ್ಟಿಗಳು ಸೇರಿ ಒಂದು ಮಾತಿಗೆ ಬಂದಿದ್ದರು ಎಂದು ಹೇಳುವ ಏನೂ ಎದುರಿಗಿಲ್ಲ.

ಹಾಗಾದರೆ ಇವರದು ಜೈನರ ಕೂಟವೇ? ಅಲ್ಲ. ಗದಗ ಹತ್ತಿರದ ಡಂಬಳದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, 1095ರ ಶಾಸನದ ಪ್ರಕಾರ ಹದಿನಾರು ಸೆಟ್ಟಿಗಳು ಬೌದ್ಧ ವಿಹಾರ ಕಟ್ಟಿಸಿದ್ದರು, ಅಲ್ಲೇ ತಾರಾ ಭಗವತಿಯ ಗುಡಿ. ಬರ್ಮಾದ ಪಗಾನಿನಲ್ಲಿ 13ನೇ ಶತಮಾನದ ಒಂದು ತಮಿಳು ಶಾಸನವಿದೆ. ಅಲ್ಲಿ ನಾನಾದೇಶಿಗಳ ಹೆಸರಿನದೇ ಒಂದು ವಿಷ್ಣುವಿನ ಗುಡಿ, ಕೇರಳದ ಮಹೋದಯಪಟ್ಟಣದ ಒಬ್ಬ ಬಂದು ಅದಕ್ಕೆ ಮಂಟಪ, ಬಾಗಿಲು, ಒಂದು ದೀಪ ಕೊಟ್ಟಿದ್ದಾನೆ. ಸುಮಾತ್ರದ ಬಾರೂಸಿನಲ್ಲಿ 1088ರ ಇನ್ನೊಂದು ಕಲ್ಲು, ಅಲ್ಲೂ ಐನೂರ್ವರು. ಶಿವ, ಜಿನ, ಬುದ್ಧ, ವಿಷ್ಣು, ಯಾರಾದರೂ ಆದೀತು. ಅವರಿಗೆ ಬೇಕಾದದ್ದು ಕಲ್ಲಿನ ಒಂದು ಮಾಡು, ಸಾಕ್ಷಿಗೆ ಒಬ್ಬ ದೇವರು, ಅಂಗಳದಲ್ಲಿ ಕಲ್ಲು ನಿಲ್ಲಿಸಲು ಜಾಗ. ಸ್ವಂತ ಕಟ್ಟಡ ಕಟ್ಟಿ ಬಾಗಿಲು ಹಾಕಿಕೊಳ್ಳುವ ಅಗತ್ಯ ಬೀಳಲಿಲ್ಲ.

ಈಗ ಘಟ್ಟ ಇಳಿಯೋಣ. ಮಲೆಯಾಳದವರು ಬೆಳಗಾವಿಗೆ ಬಂದದ್ದು ಬಹುಶಃ ಹಡಗು ಹತ್ತಿ, ಆಮೇಲೆ ಯಾವುದೋ ಘಟ್ಟ ಏರಿ. ನಮ್ಮ ಕಾಳಿ, ಗಂಗಾವಳಿ ನದಿಗಳ ಬಾಯಿಯಿಂದ ಉತ್ತರಕ್ಕೆ ಗೋವೆ ಕದಂಬರ ಗೋಪಕಪಟ್ಟಣ. ಅಲ್ಲಿನ ಒಂದನೆಯ ಜಯಕೇಶಿಯ ಕಾಲದ, 11ನೇ ಶತಮಾನದ ತಾಮ್ರಪಟದಲ್ಲಿ ಛದಮ ಎಂಬ ಅಧಿಕಾರಿ ಬರುತ್ತಾನೆ. ಅರಬ ಮೂಲದ ಹಡಗಿನ ವ್ಯಾಪಾರಿಯ ಮೊಮ್ಮಗ. ಬೇರೆ ಬೇರೆ ದೇಶದ ಹಡಗುಗಳಿಂದ ಸುಂಕ ಎತ್ತಿ ಒಂದು ಮಿಜಿಗಿತಿ ನಡೆಸುವ ಏರ್ಪಾಡು ಅದರಲ್ಲಿದೆ. ಮಿಜಿಗಿತಿ ಅಂದರೆ ಮಸೀದಿ. ಬೆಳಗಾವಿಯ ಬಸದಿಗೆ ಹೇರಿನ ಮೇಲೆ ಆಯ ಇದ್ದಂತೆ ಇಲ್ಲಿ ಹಡಗಿನ ಮೇಲೆ. ಪದ್ಧತಿ ಒಂದೇ, ದೇವರ ಮನೆ ಬೇರೆ.

ಕರಾವಳಿಯ ಮುಸ್ಲಿಂ ವ್ಯಾಪಾರಿಗಳ ಕೂಟಕ್ಕೆ ನಮ್ಮ ಶಾಸನಗಳಲ್ಲಿ ಒಂದು ಸೊಗಸಾದ ಹೆಸರಿದೆ, ಹಂಜಮಾನ. ಪಾರಸಿಯ ‘ಅಂಜುಮನ್’ ಕನ್ನಡದ ಬಾಯಲ್ಲಿ ಹೀಗಾಗಿದೆ. ಉತ್ತರ ಕೊಂಕಣದ ಶಿಲಾಹಾರರ ತಾಮ್ರಪಟಗಳಲ್ಲಿ ಅದು ಹಂಯಮನ. ವಿಜಯನಗರದ ಕಾಲಕ್ಕೆ ಹೊನ್ನಾವರ, ಭಟ್ಕಳ, ಬಸರೂರಿನ ಕಡೆ ಹಂಜಮಾನ ಮತ್ತು ನಖರ ಎರಡೂ ಕೂಟಗಳು ಕಾಣುತ್ತವೆ. ಭಟ್ಕಳದಲ್ಲಿ 1919ರಲ್ಲಿ ಶುರುವಾದ ವಿದ್ಯಾಸಂಸ್ಥೆಯ ಹೆಸರು ಅಂಜುಮನ್ ಹಾಮಿ-ಎ-ಮುಸ್ಲಿಮೀನ್. ಆ ಹಳೆಯ ಕೂಟವೇ ಈ ಸಂಸ್ಥೆಯಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಹೆದ್ದಾರಿಯಲ್ಲಿ ಬಸ್ಸಿನಿಂದ ಆ ಬೋರ್ಡು ಕಂಡಾಗಲೆಲ್ಲ, ಕಲ್ಲಿನಲ್ಲಿ ಓದಿದ ಶಬ್ದ ಇನ್ನೂ ಶಾಲೆಗೆ ಹೋಗುತ್ತಿದೆ ಅಂತ ನಗು ಬರುತ್ತದೆ.

ಕಾರವಾರ, ಅಂಕೋಲೆಯ ಮಾತು ಬಂದಾಗ ಒಂದು ತೊಂದರೆ ಹೇಳಬೇಕು. ನಮ್ಮಲ್ಲಿ ಮನೆ, ಗುಡಿ, ಕಟ್ಟೆ, ಬಾವಿ ಎಲ್ಲ ಚಿರೇಕಲ್ಲಿನದು. ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಕಟ್ಟಲು ಬಹಳ ಒಳ್ಳೆಯದು, ಬರೆಯಲು ಬರುವುದಿಲ್ಲ. ಮೈತುಂಬ ತೂತು, ಅಕ್ಷರ ನಿಲ್ಲುವುದಿಲ್ಲ. ಶಾಸನ ಹಾಕಿಸಬೇಕಾದರೆ ಕರಿಗಲ್ಲಿನ ಚಪ್ಪಡಿಯನ್ನೇ ತರಿಸಬೇಕು. ಚಿರೇಕಲ್ಲಿನ ಊರಿನಲ್ಲಿ ನುಣುಪಾದ ಕರಿಗಲ್ಲಿನ ಚಪ್ಪಡಿ ಒಂದು ಸಿಕ್ಕಿದರೆ ಅದಕ್ಕೆ ನೂರು ಉಪಯೋಗ. ಬಟ್ಟೆ ಒಗೆಯಲು, ಹಳ್ಳ ದಾಟಲು, ಬಾವಿಯ ದಡಕ್ಕೆ, ತುಳಸಿಕಟ್ಟೆಯ ಬುಡಕ್ಕೆ. ಬಯಲುಸೀಮೆಯಲ್ಲಿ ಶಾಸನ ಗುಡಿಯ ಗೋಡೆಯಲ್ಲೇ ಉಳಿಯಿತು, ನಮ್ಮಲ್ಲಿ ಮನೆಗೆಲಸಕ್ಕೆ ಹೋಯಿತು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳುತ್ತೇನೆ. 2009ರ ಬೇಸಿಗೆಯಲ್ಲಿ ಒಂದು ಮದುವೆ ಊಟಕ್ಕೆ ಅಂಕೋಲೆ ಕಡೆ ಹೋಗಿದ್ದೆ. ರಸ್ತೆ ಬದಿಯ ಮನೆಯೊಂದರ ಬಾವಿಯ ಹತ್ತಿರ ಬಟ್ಟೆ ಒಗೆಯುವ ಕಲ್ಲು. ಅದರ ಅಂಚಿನಲ್ಲಿ ಸೂರ್ಯ, ಚಂದ್ರ. ಕೆಳಗೆ ಸವೆದ ಸಾಲುಗಳು. ನೀರು ಹಾಕಿ ಕೈಯಲ್ಲಿ ತಡವಿದೆ. ಮೊದಲ ಸಾಲಿನ ‘ಸ್ವಸ್ತಿ ಶ್ರೀ’ ಮಾತ್ರ ಸಿಕ್ಕಿತು. ಕಾಗದ, ಮಸಿ, ಬ್ರಷ್ಷು ಏನೂ ಜೊತೆಗಿರಲಿಲ್ಲ. ದೀಪಾವಳಿಗೆ ಬರ್ತೇನೆ, ಅಚ್ಚು ತೆಗೀತೇನೆ ಅಂದೆ. ಮನೆಯ ಅಜ್ಜಿ, ಬಾ ಮಗಾ, ಕಲ್ಲು ಎಲ್ಲಿಗೂ ಹೋಗುವುದಿಲ್ಲ ಅಂದರು. ದೀಪಾವಳಿಗೆ ನಾನು ಹೋಗಲಿಲ್ಲ. ಹೋದದ್ದು ಹೆದ್ದಾರಿ ಅಗಲವಾದ ಮೇಲೆ. ಮನೆ ಹಿಂದಕ್ಕೆ ಸರಿದಿತ್ತು, ಬಾವಿ ಮುಚ್ಚಿತ್ತು, ಅಜ್ಜಿ ಇರಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಇವತ್ತಿಗೂ ‘ಸ್ವಸ್ತಿ ಶ್ರೀ’ ಇದೆ. ಅದು ನಾಡಿನ ಅರ್ಧಕ್ಕರ್ಧ ಶಾಸನಗಳ ಮೊದಲ ಮಾತು. ಅಷ್ಟರಿಂದ ಏನೂ ಗೊತ್ತಾಗುವುದಿಲ್ಲ.

ಇದು ಒಂದು ಮನೆಯ ಮಾತು. ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಕದಂಬ ಎಂಬ ಹೆಸರಿನಿಂದಲೇ ಅದು ಶುರುವಾಯಿತು. ಆ ನಡುವೆ ಕಾರವಾರ, ಅಂಕೋಲೆಯ ನಡುವಿನ ಕಡಲಂಚಿನ ಊರುಗಳಿಂದ ಸಾವಿರಾರು ಕುಟುಂಬಗಳು ಏಳಬೇಕಾಯಿತು. ಊರು ಎಬ್ಬಿಸುವಾಗ ಪರಿಹಾರದ ಪಟ್ಟಿಯಲ್ಲಿ ತೆಂಗಿನ ಮರ ಎಣಿಸುತ್ತಾರೆ, ಬಾವಿ ಎಣಿಸುತ್ತಾರೆ. ಒಗೆಯುವ ಕಲ್ಲನ್ನು ಯಾರು ಎಣಿಸುತ್ತಾರೆ? ರಾಜವಂಶದ ಹೆಸರು ಹಡಗುಕಟ್ಟೆಗೆ ಬಂತು, ಆ ವಂಶದ ಕಾಲದ ಕಲ್ಲು ಮಣ್ಣಿನಡಿ ಹೋಗಿದ್ದರೆ ಅದನ್ನು ಕೇಳುವವರಿಲ್ಲ.

ಆದ್ದರಿಂದ ಕಾರವಾರದ ಗೆಳೆಯರಿಗೂ, ಇದನ್ನು ಓದುವ ಆ ಕಡೆಯವರಿಗೂ ನನ್ನದೊಂದು ಕೋರಿಕೆ. ಕಟ್ಟಡ ಹುಡುಕುವ ಉತ್ಸಾಹದಲ್ಲೇ ಚಪ್ಪಡಿಯನ್ನು ಹುಡುಕಿ. ವೀರಗಲ್ಲನ್ನು ಗುರುತಿಸುವುದು ಸುಲಭ, ಮೂರು ಅಂತಸ್ತಿನ ಚಿತ್ರ ಇರುತ್ತದೆ. ಮಡಿಸಿದ ಕೈ ಎತ್ತಿದ್ದರೆ ಮಾಸ್ತಿಕಲ್ಲು. ಕತ್ತೆಯ ಚಿತ್ರವಿದ್ದರೆ ಅದು ಶಾಪದ ಕಲ್ಲು, ನಮ್ಮ ಉತ್ತರಕ್ಕೆ ಕೊಂಕಣದಲ್ಲಿ ಬಹಳ. ಲಿಂಗ, ಹಸು, ಕರು, ಸೂರ್ಯ, ಚಂದ್ರ ಇದ್ದರೆ ದಾನಶಾಸನ ಇರಬಹುದು, ಮುಕ್ಕೊಡೆಯ ಜಿನ ಇದ್ದರೆ ಬಸದಿಯದು. ತಮಿಳುನಾಡು, ಶ್ರೀಲಂಕೆಯ ಕೆಲವು ಸಂಘಶಾಸನಗಳ ನೆತ್ತಿಯಲ್ಲಿ ಕೊಡೆ, ಕತ್ತಿ, ತಕ್ಕಡಿಯಂಥ ಗುರುತುಗಳಿವೆ. ಅಂಥದ್ದು ನಮ್ಮ ದಂಡೆಯಲ್ಲಿ ಕಂಡರೆ ನನಗೆ ನಡುರಾತ್ರಿ ಫೋನ್ ಮಾಡಿದರೂ ಬೇಸರವಿಲ್ಲ. ದಯವಿಟ್ಟು ಅಕ್ಷರಕ್ಕೆ ಬಣ್ಣ ಬಳಿಯಬೇಡಿ, ಆ್ಯಸಿಡ್ ಹಾಕಿ ತಿಕ್ಕಬೇಡಿ, ಜೀರ್ಣೋದ್ಧಾರದ ಗಾರೆಯಲ್ಲಿ ಮುಚ್ಚಲು ಬಿಡಬೇಡಿ. ಬೆಳಗಿನ ಇಳಿಬಿಸಿಲಿನಲ್ಲಿ, ಬೆಳಕು ಪಕ್ಕದಿಂದ ಬೀಳುವಾಗ, ಮೊಬೈಲಿನಲ್ಲೇ ನಾಲ್ಕು ಫೋಟೋ ತೆಗೆಯಿರಿ. ಊರು, ಮನೆಯ ಗುರುತು, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ, ಅಷ್ಟು ಬರೆದಿಡಿ. ಓದುವ ಕೆಲಸ ಆಮೇಲೆ ಆದೀತು.

ಮೊನ್ನೆ ಅದೇ ಗೆಳೆಯರು ಮತ್ತೆ ಫೋನ್ ಮಾಡಿದ್ದರು. ಅಂಕೋಲೆ ತಾಲೂಕಿನ ಒಂದು ಹಳ್ಳಿಯಲ್ಲಿ ಹಳ್ಳಕ್ಕೆ ಅಡ್ಡ ಹಾಕಿದ ಉದ್ದದ ಕರಿಗಲ್ಲು ಇದೆಯಂತೆ. ಮೇಲ್ಮೈ ನುಣುಪು, ಏನೂ ಕಾಣುವುದಿಲ್ಲ. ಅಡಿಯಲ್ಲಿ ಕೈ ಹಾಕಿದರೆ ಗೀರು ಗೀರಾಗಿ ತಾಗುತ್ತದೆ ಅಂದರು. ಹಳ್ಳ ಒಣಗುವುದು ಮಾಘದ ಹೊತ್ತಿಗೆ. ಈ ಸಲ ಕಾಗದ, ಮಸಿ ಈಗಲೇ ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದೇನೆ.